ಒಂದು ಪಾಯಿಂಟ್ ಬೆಳ್ಳಗೆ

ಕುಳಿತಲ್ಲಿ ಕುಳಿತಿರುವ ಜಾಯಮಾನ ನನ್ನದಲ್ಲ. ಆದರೆ ಹದಿನಾರು ವರ್ಷಗಳಿಂದ ನನ್ನ ಹೊಟ್ಟೆಪಾಡು ನಡೆಯುತ್ತಿರುವುದು ಮಾತ್ರ ಕುರ್ಚಿಯ ಮೇಲೆಯೇ. ಮೆಲ್ಕಾರಿನಲ್ಲಿ, ಹೆದ್ದಾರಿಯ ಬದಿಯ ಬೇಕರಿಯೊಂದರ ಮೇಲಿನ ಮಹಡಿಯಲ್ಲಿ ನನ್ನ ಸ್ಟುಡಿಯೋ ಇದೆ. ಮದುವೆಯ ಫೋಟೋ ತೆಗೆಯುವುದು, ಅದನ್ನು ಕಂಪ್ಯೂಟರಿನಲ್ಲಿ ತಿದ್ದಿ ತೀಡಿ ಆಲ್ಬಮ್ ಮಾಡಿಸಿ ಕೊಡುವುದು, ನಡುನಡುವೆ ಪಾಸ್‌ಪೋರ್ಟ್ ಸೈಜಿನ ಮುಖಗಳು. ಕೆಳಗೆ ಬಸ್ಸುಗಳ ಹಾರ್ನು, ಮೇಲೆ ಶೀಟಿನ ಬಿಸಿ. ಐದು ನಿಮಿಷಕ್ಕೊಮ್ಮೆ ಎದ್ದು ಕಿಟಕಿಯ ತನಕ ಹೋಗಿ, ಯಾವ ಬಸ್ಸು ಬಂತು, ಯಾರು ಇಳಿದರು ಎಂದು ನೋಡಿ ಬಂದರೆ ಮಾತ್ರ ನನ್ನ ಕೈಗೆ ಮೌಸ್ ಹತ್ತುತ್ತದೆ.

ಆ ಸೋಮವಾರವೂ ಹಾಗೆ ಕಿಟಕಿಗೆ ಹೋಗಿದ್ದೆ. ಬಸ್ಸಿನಿಂದ ಅಕ್ಕನ ಮಗಳು ಇಳಿದಳು. ಅವಳಿಗೆ ಮೂಡುಬಿದಿರೆಯ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ. ಮನೆಯೂ ಅಲ್ಲೇ ಹತ್ತಿರ. ಕೆಲಸದ ದಿನ ರಜೆ ಹಾಕಿ ಇಷ್ಟು ದೂರ ಬಂದಿದ್ದಾಳೆಂದರೆ ಏನೋ ಆಗಿದೆ ಎಂದೇ ಅರ್ಥ. ನಮ್ಮವರಲ್ಲಿ ಸೋದರಮಾವನೆಂದರೆ ಬರೀ ನೆಂಟನಲ್ಲ. ಅಕ್ಕನ ಮಗಳ ಮದುವೆಯ ಮಾತು ಬಂದರೆ ತಂದೆಗಿಂತ ಮೊದಲು ಮಾವನ ಬಾಯಿಂದ ಹೌದು ಅಲ್ಲ ಹೊರಡಬೇಕು. ಹಾಗಾಗಿ ಅವಳು ಮೆಟ್ಟಿಲು ಹತ್ತಿ ಬರುವಷ್ಟರಲ್ಲೇ ನನಗೆ ಮಂಡೆಬಿಸಿ ಶುರುವಾಗಿತ್ತು.

ಅವಳು ಕೂರಲಿಲ್ಲ. ಬ್ಯಾಗಿನಿಂದ ಒಂದು ಫೋಟೋ ತೆಗೆದು ಮೇಜಿನ ಮೇಲೆ ಇಟ್ಟಳು. ನಾನೇ ತೆಗೆದದ್ದು, ನೀಲಿ ಸೀರೆಯಲ್ಲಿ ಅವಳು. ಸಂಬಂಧ ಹೊಂದಿಸುವ ಅಜ್ಜನೊಬ್ಬ ಜಾತಕದ ಜೊತೆ ಇಟ್ಟುಕೊಂಡು ಮನೆಮನೆಗೆ ತೋರಿಸಲೆಂದು ನಾನು ಮಾಡಿಕೊಟ್ಟಿದ್ದ ಪ್ರತಿ.

"ಮಾಮ, ನಿನ್ನೆ ಬಂದವರೂ ಹೋದರು."

"ಹೋಗ್ಲಿ ಬಿಡು ಮಾರಾಯ್ತಿ. ಅವರೊಬ್ಬರೇ ಇರುವುದಾ ಊರಿನಲ್ಲಿ?"

"ಇದು ಮೂರನೆಯದ್ದು. ನೀವು ಮಾಡಿದ ಫೋಟೋದವಳನ್ನು ನೋಡ್ಲಿಕ್ಕೆ ಅಂತ ಬರ್ತಾರೆ. ಬಂದು ನನ್ನನ್ನು ನೋಡ್ತಾರೆ. ಮತ್ತೆ ಗೋಳಿಬಜೆ ತಿಂದು, ಚಾ ಕುಡಿದು ಹೋಗಿ, ಜಾತಕ ಕೂಡಿ ಬರುವುದಿಲ್ಲ ಅಂತ ಫೋನ್ ಮಾಡ್ತಾರೆ. ಜಾತಕ ಕೂಡಿದ ಮೇಲೆಯೇ ಅಲ್ವಾ ಅವರು ಬಂದದ್ದು?"

ನನ್ನ ಮೈ ಉರಿದುಹೋಯಿತು. ಬಂದವರ ಮೇಲಲ್ಲ, ನಿಜ ಹೇಳುತ್ತೇನೆ, ಅವಳ ಮೇಲೆ. ಹದಿನಾರು ವರ್ಷದಲ್ಲಿ ನನ್ನ ಫೋಟೋ ಚೆಂದ ಉಂಟು ಎಂದವರೇ ಎಲ್ಲ. ಚೆಂದ ಆದದ್ದೇ ತಪ್ಪು ಎಂದವರು ಯಾರೂ ಇರಲಿಲ್ಲ.

"ನಾನೆಂತ ಮಾಡಿದೆ? ಇದ್ದ ಹಾಗೇ ಮಾಡಿದ್ದೇನೆ. ಬೇಕಾದರೆ ನೋಡು," ಎಂದು ಅವಳ ಫೋಟೋವನ್ನು ಕಂಪ್ಯೂಟರಿನಲ್ಲಿ ತೆರೆದೆ. ಅವಳು ತನ್ನ ಎಡಗೈಯನ್ನು ಪರದೆಯ ಪಕ್ಕ ಹಿಡಿದಳು. ಪರದೆಯ ಮೇಲಿನ ಮುಖ ಅವಳ ಕೈಗಿಂತ ಒಂದಿಷ್ಟೇ ಬೆಳ್ಳಗಿತ್ತು. ನಾನು ಗೆದ್ದೆ ಎಂದುಕೊಂಡೆ. ಅವಳು ಮೇಜಿನ ಮೇಲಿದ್ದ ಪ್ರಿಂಟನ್ನು ಎತ್ತಿ ಅದೇ ಕೈಯ ಪಕ್ಕ ಹಿಡಿದಳು. ಪ್ರಿಂಟಿನ ಹೆಂಗಸು ಬೇರೆಯವಳು. ಇವಳ ಕಣ್ಣು, ಇವಳ ಮೂಗು, ಯಾರದೋ ಚರ್ಮ.

"ಪರದೆಯಲ್ಲಿ ಒಂದು, ಕಾಗದದಲ್ಲಿ ಒಂದು. ನಿಮ್ಮ ಕಂಪ್ಯೂಟರೇ ಸರಿ ಇಲ್ಲ ಮಾಮ," ಎಂದಳು. ಪ್ರಿಂಟನ್ನು ಮೇಜಿನ ಮೇಲೆ ಮಗುಚಿಟ್ಟಳು. "ನನಗೆ ನನ್ನ ಬಣ್ಣದ ಫೋಟೋ ಬೇಕು. ಬೇಡ ಅನ್ನುವವರು ಫೋಟೋ ನೋಡಿ ಅವರ ಮನೆಯಲ್ಲೇ ಬೇಡ ಅನ್ನಲಿ. ನಮ್ಮ ಚಾವಡಿಗೆ ಬಂದು, ನನ್ನ ಮುಖ ನೋಡಿ, ಒಬ್ಬರಿಗೊಬ್ಬರು ಕಣ್ಣು ಮಾಡುವುದು ಬೇಡ. ನನಗೆ ಸಾಕಾಯ್ತು."

ಗುರುವಾರ ಸಂಜೆ ಅಜ್ಜ ಮತ್ತೆ ಬರುವವನಿದ್ದ. ಬೆಳ್ತಂಗಡಿ ತಾಲೂಕಿನಲ್ಲಿ, ಅಳದಂಗಡಿಯ ಹತ್ತಿರ ಒಂದು ಮನೆ, ಅಲ್ಲಿಗೆ ತೋರಿಸಲು ಫೋಟೋ ಬೇಕು. ಅಷ್ಟರೊಳಗೆ ಹೊಸ ಪ್ರಿಂಟ್ ಆಗಬೇಕು. ಮೊಬೈಲಿನಲ್ಲಿ ಕಳಿಸಿದರೆ ಆಗದೇ ಎಂದು ಕೇಳಬಹುದು. ಈಗಿನ ಮೊಬೈಲುಗಳು ಫೋಟೋ ತೆಗೆಯುವಾಗಲೇ ಪೌಡರ್ ಹಚ್ಚುತ್ತವೆ. ಮೇಲಾಗಿ ಆ ಅಜ್ಜನದು ಕಾಗದದ ಶಿಸ್ತು. ಮೊಬೈಲಿನಲ್ಲಿ ನಾಲ್ಕು ಜನಕ್ಕೆ ನಾಲ್ಕು ಬಣ್ಣ ಕಾಣುತ್ತದೆ, ಆಮೇಲೆ ಬೈಗಳು ತಿನ್ನುವವನು ತಾನು ಎಂಬುದು ಅವನ ವಾದ.

ಅವಳು ಹೋದ ಮೇಲೆ ನನಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಒಂದು ಆಲ್ಬಮ್ ಅರ್ಧ ಆಗಿತ್ತು, ಅದರ ಮದುಮಗಳ ಮುಖ ನೋಡಿದರೆ ಸಂಶಯ, ನೋಡದಿದ್ದರೆ ಕೆಲಸ ಆಗುವುದಿಲ್ಲ. ಮರುದಿನ ಬೆಳಿಗ್ಗೆಯೇ ಸ್ಟುಡಿಯೋಗೆ ಬೀಗ ಹಾಕಿ ಮೂಡುಬಿದಿರೆಗೆ ಹೊರಟೆ. ಅಲ್ಲಿ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ನನ್ನ ಹಳೆಯ ಬ್ಯಾರಿ ಗೆಳೆಯನಿದ್ದಾನೆ. ಬಣ್ಣದ ವಿಷಯದಲ್ಲಿ ಮಹಾ ಪಿರಿಪಿರಿಯ ಮನುಷ್ಯ. ಆಮಂತ್ರಣ ಪತ್ರಿಕೆಯ ಕೆಂಪು ಒಂದು ಕೂದಲು ಆಚೀಚೆ ಆದರೂ ಮಷಿನ್ ನಿಲ್ಲಿಸುತ್ತಾನೆ. ಅವನಲ್ಲಿ ಪರದೆಯ ಬಣ್ಣ ಅಳೆದು ಸರಿಪಡಿಸುವ ಯಂತ್ರ, ಕ್ಯಾಲಿಬ್ರೇಟರ್, ಇರುವುದು ನನಗೆ ಗೊತ್ತಿತ್ತು.

ವಿಷಯ ಕೇಳಿದವನೇ ಅವನು ಕನ್ನಡಕ ತೆಗೆದು ನನ್ನನ್ನು ನೋಡಿದ.

"ನಿನ್ನ ಮಾನಿಟರ್ ಎಷ್ಟು ವರ್ಷದ್ದು?"

"ಒಂಬತ್ತು."

"ಒಂಬತ್ತು ವರ್ಷದಲ್ಲಿ ಒಮ್ಮೆಯೂ ಕ್ಯಾಲಿಬ್ರೇಟ್ ಮಾಡ್ಲಿಲ್ವಾ? ಮೀನಿನವನೂ ತಕ್ಕಡಿಗೆ ಸೀಲ್ ಹಾಕಿಸ್ತಾನೆ ಮಾರಾಯ. ಹಳೆಯ ಪರದೆಯ ಒಳಗಿನ ಬೆಳಕು ಸಾಯ್ತಾ ಬರ್ತದೆ. ಮಂಕಾಗ್ತದೆ, ಹಳದಿ ಆಗ್ತದೆ. ದಿನಾ ನೋಡುವ ನಿನಗೆ ಗೊತ್ತಾಗುವುದಿಲ್ಲ. ಮಂಕಾಗಿ ಕಂಡದ್ದನ್ನು ನೀನು ಬೆಳಗಿಸ್ತಾ ಹೋಗ್ತಿ. ಪರದೆಯಲ್ಲಿ ಸರಿ ಕಾಣ್ತದೆ, ಕಾಗದದಲ್ಲಿ ಸುಣ್ಣ."

ಅವನು ಒಳಗಿನಿಂದ ಚಿಕ್ಕ ಪೆಟ್ಟಿಗೆ ತಂದುಕೊಟ್ಟು, ಮಗುವಿಗೆ ಹೇಳುವ ಹಾಗೆ ಹೇಳಿದ. ಪರದೆ ಹಾಕಿ ಅರ್ಧ ಗಂಟೆ ಬಿಡಬೇಕು, ಬಿಸಿಯಾಗಬೇಕು. ಕಿಟಕಿ ಮುಚ್ಚಬೇಕು, ಟ್ಯೂಬ್‌ಲೈಟ್ ಆರಿಸಬೇಕು. "ನಿನ್ನ ರೂಮಿನ ಗೋಡೆ ಎಂತ ಬಣ್ಣ?"

"ಗಿಳಿ ಹಸಿರು. ಬಿಲ್ಡಿಂಗಿನವರು ಹೊಡೆಸಿದ್ದು."

"ಸತ್ತಿ ಮಾರಾಯ ನೀನು. ಹಸಿರಿನ ನಡುವೆ ಕೂತು ಜನರ ಮುಖ ನೋಡ್ತಿದ್ದಿಯಲ್ಲ ಇಷ್ಟು ವರ್ಷ!" ಎಂದು ಅವನು ನಕ್ಕ ನಗುವಿಗೆ ಪ್ರೆಸ್ಸಿನವರೆಲ್ಲ ತಿರುಗಿ ನೋಡಿದರು.

ಬುಧವಾರ ಮಧ್ಯಾಹ್ನ ಕೂತೆ. ಫೋಟೋ ತೆಗೆಯುವಾಗ ಹಿಂದೆ ಕಟ್ಟುವ ಬೂದು ಬಟ್ಟೆಯನ್ನೇ ಗಿಳಿ ಹಸಿರಿನ ಮೇಲೆ ಇಳಿಬಿಟ್ಟೆ. ಕಿಟಕಿಗೆ ರಟ್ಟು ಒತ್ತಿದೆ. ಪರದೆ ಹಾಕಿದೆ. ಇನ್ನು ಅರ್ಧ ಗಂಟೆ ಕಾಯಬೇಕು. ಕಿಟಕಿ ಮುಚ್ಚಿದ ಮೇಲೆ ನಾನು ಎದ್ದು ಹೋಗಿ ನೋಡುವುದಾದರೂ ಏನನ್ನು? ಕತ್ತಲೆಯಲ್ಲಿ ಬೆವರುತ್ತಾ ನಾಲ್ಕು ಹೆಜ್ಜೆ ಆಚೆ, ನಾಲ್ಕು ಹೆಜ್ಜೆ ಈಚೆ ನಡೆದೆ. ಇಪ್ಪತ್ತು ನಿಮಿಷಕ್ಕೇ ಶುರುಮಾಡಿಬಿಡುವ ಎಂದು ಕೈ ಹೋಯಿತು, ಗೆಳೆಯನ ಮುಖ ನೆನಪಾಗಿ ಹಿಂದೆ ಬಂತು.

ಯಂತ್ರವೆಂದರೆ ಹೆಚ್ಚೇನಿಲ್ಲ. ಕಡುಬಿನಷ್ಟು ದೊಡ್ಡ ಕರಿಯ ಗುಂಡು, ಅದಕ್ಕೊಂದು ವಯರು. ಅದರ ಕಣ್ಣು ಪರದೆಗೆ ತಾಗುವಂತೆ ನಡುವೆ ತೂಗುಹಾಕುವುದು. ಅದರ ಕೆಳಗೆ ಕೆಂಪು ಬರುತ್ತದೆ, ಹಸಿರು ಬರುತ್ತದೆ, ನೀಲಿ ಬರುತ್ತದೆ, ಬೂದು ಬಣ್ಣದಲ್ಲಿ ಹತ್ತು ಬಗೆ ಬರುತ್ತದೆ. ಪ್ರತಿಯೊಂದೂ ಇರಬೇಕಾದ್ದೆಷ್ಟು, ಇರುವುದೆಷ್ಟು ಎಂದು ಅದು ಅಳೆದುಕೊಳ್ಳುತ್ತದೆ. ಮುಕ್ಕಾಲು ಭಾಗ ಮುಗಿದಿತ್ತು, ಕರೆಂಟು ಹೋಯಿತು. ನನ್ನ ಯುಪಿಎಸ್ಸೋ, ಎರಡು ಸಲ ಕುಂಯ್ ಎಂದು ಪ್ರಾಣ ಬಿಟ್ಟಿತು. ಥೂ ನಿನ್ನ! ಕುರ್ಚಿಗೆ ಒದ್ದೆ. ಕಾಲಿನ ಬೆರಳು ಉಬ್ಬಿತು. ಕರೆಂಟು ಬಂದ ಮೇಲೆ ಮತ್ತೆ ಅರ್ಧ ಗಂಟೆ ಬಿಸಿ, ಮತ್ತೆ ಮೊದಲಿನಿಂದ ಕೆಂಪು, ಹಸಿರು, ನೀಲಿ.

ಕೊನೆಗೂ ಮುಗಿಯಿತು. ಸರಿಪಡಿಸುವ ಮೊದಲು, ಸರಿಪಡಿಸಿದ ಮೇಲೆ ಎಂದು ಎರಡನ್ನೂ ತೋರಿಸುವ ಗುಂಡಿಯೊಂದು ಅದರಲ್ಲಿ ಇದೆ. ಒತ್ತಿದೆ. ಬಿಳಿ ಎಂದು ನಾನು ನಂಬಿದ್ದದ್ದು ಹಳೆಯ ಬನಿಯನ್ನಿನ ಬಣ್ಣವಾಗಿತ್ತು.

ಅಕ್ಕನ ಮಗಳ ಫೋಟೋವನ್ನು ಸರಿಪಡಿಸಿದ ಪರದೆಯಲ್ಲಿ ತೆರೆದೆ. ಅಯ್ಯೋ ದೇವರೇ! ಮುಖಕ್ಕೆ ಯಾರೋ ಸುಣ್ಣ ಬಳಿದ ಹಾಗಿತ್ತು. ಕತ್ತು ಒಂದು ಬಣ್ಣ, ಕಿವಿ ಒಂದು ಬಣ್ಣ. ತಡೆಯಲಾರದೆ ಹಳೆಯ ಆಲ್ಬಮ್‌ಗಳನ್ನು ಒಂದೊಂದಾಗಿ ತೆರೆದೆ. ಎಷ್ಟೊಂದು ಮದುವಣಗಿತ್ತಿಯರು, ಎಲ್ಲರೂ ಒಬ್ಬಳೇ ತಾಯಿಯ ಮಕ್ಕಳಂತೆ ಒಂದೇ ಬಿಳುಪು. ಇವರಲ್ಲಿ ಯಾರು ಕಪ್ಪಗಿದ್ದರು, ಯಾರು ಎಣ್ಣೆಗೆಂಪು, ಯಾರದು ಗೋಧಿ ಬಣ್ಣ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. ಅವರ ಧಾರೆಯ ಹೊತ್ತಿನಲ್ಲಿ ಒಂದು ಮೊಳ ದೂರದಲ್ಲಿ ನಿಂತಿದ್ದವನು ನಾನು, ನನಗೇ ನೆನಪಿಲ್ಲ. ನನಗೆ ನಾಚಿಕೆಯಾಯಿತು. ಎದ್ದು ರಟ್ಟು ಕಿತ್ತು ಕಿಟಕಿ ತೆರೆದು ನಿಂತೆ.

ತಪ್ಪೆಲ್ಲ ಪರದೆಯದ್ದು ಎಂದು ನಾನು ಹೇಳಿದರೆ ಅದು ಸುಳ್ಳು. ನನ್ನ ಕೀಬೋರ್ಡಿನಲ್ಲಿ ಒಂದು ಕೀ ಉಂಟು. ಅದನ್ನು ಒತ್ತಿದರೆ ಮುಖ ನುಣ್ಣಗಾಗಿ ಒಂದು ಮೆಟ್ಟಿಲು ಬೆಳ್ಳಗಾಗುವಂತೆ ನಾನೇ ಹಿಂದೆ ಎಂದೋ ಮಾಡಿಟ್ಟದ್ದು. ಗಿರಾಕಿಗಳು ಹಾಗೆ ಕೇಳುತ್ತಿದ್ದರು. ಮಗಳ ಆಲ್ಬಮ್ ಮಾಡಿಸಲು ಬಂದ ತಾಯಂದಿರು ನನ್ನ ಕುರ್ಚಿಯ ಹಿಂದೆ ಬಗ್ಗಿ, "ಚೂರು ಬೆಳಗಿಸಿ ಆಯ್ತಾ," ಎಂದು ಪಿಸುಗುಟ್ಟುತ್ತಿದ್ದರು. ಕೊಲ್ಲಿಯಲ್ಲಿರುವ ಒಬ್ಬ ತಂದೆಯಂತೂ ತಂಗಿಯ ಮಗಳದ್ದಕ್ಕಿಂತ ತನ್ನ ಮಗಳ ಫೋಟೋ ಬೆಳ್ಳಗೆ ಬರಬೇಕು ಎಂದು ಅಲ್ಲಿಂದಲೇ ಫೋನ್ ಮಾಡಿದ್ದ. ಮೊದಮೊದಲು ಕೇಳಿದವರಿಗೆ ಒತ್ತುತ್ತಿದ್ದೆ. ಆಮೇಲೆ ಕೇಳದಿದ್ದರೂ ಒತ್ತಿದೆ. ಈಗ ಮುಖ ಕಂಡರೆ ಸಾಕು, ಬೆರಳು ತಾನಾಗಿ ಹೋಗುತ್ತದೆ. ಅಂದು ಅವಳ ಫೋಟೋವನ್ನು ಮೊದಲಿನಿಂದ ತಿದ್ದುವಾಗಲೂ ಆ ಕೀಯ ಮೇಲೆ ಬೆರಳು ಎರಡು ಸಲ ಹೋಯಿತು. ಎರಡೂ ಸಲ ಎಳೆದುಕೊಂಡೆ.

ಪರದೆಯಲ್ಲಿ ಈಗ ಅವಳಿದ್ದಳು. ಫೈಲನ್ನು ಪೆನ್‌ಡ್ರೈವಿಗೆ ಹಾಕಿ ಸ್ಕೂಟರಿನಲ್ಲಿ, ನನ್ನ ಫೋಟೋಗಳೆಲ್ಲ ಪ್ರಿಂಟ್ ಆಗುವ ಬಿ.ಸಿ. ರೋಡಿನ ಲ್ಯಾಬಿಗೆ ಹೋದೆ. ಹತ್ತು ನಿಮಿಷದಲ್ಲಿ ಪ್ರಿಂಟ್ ಬಂತು. ನೋಡಿದರೆ ಮತ್ತೆ ಬೆಳ್ಳಗೆ! ಮೊದಲಿನಷ್ಟಲ್ಲ, ಆದರೆ ಅವಳಲ್ಲ. ಯಂತ್ರವೇ ತಪ್ಪಿತೋ ಎಂದು ಓಡಿ ಬಂದು ಪರದೆ ನೋಡಿದೆ. ಪರದೆಯಲ್ಲಿ ಸರಿಯಾಗಿಯೇ ಇದೆ. ಇನ್ನಷ್ಟು ಗಾಢ ಮಾಡಿ ಕೊಂಡೊಯ್ಯುವುದೇ ಎಂದು ಯೋಚಿಸಿದೆ. ಹಾಗೆ ಮಾಡಿದರೆ ಅಳೆದದ್ದಕ್ಕೆ ಅರ್ಥವೇನು? ಅದೇ ಫೈಲು ಹಿಡಿದು ಮತ್ತೆ ಹೋದೆ. ಮತ್ತೆ ಅದೇ ಪ್ರಿಂಟ್. ನನ್ನ ಪಿತ್ತ ನೆತ್ತಿಗೇರಿತು.

"ಎಂತ ಮಾಡ್ತಿದ್ದೀರಿ ನೀವು ಇಲ್ಲಿ? ನಾನು ಕೊಟ್ಟದ್ದೊಂದು, ನೀವು ತೆಗೆಯುವುದೊಂದು! ಮಷಿನ್ ಹಾಳಾಗಿದ್ದರೆ ಬಾಗಿಲು ಹಾಕಿ!"

ಲ್ಯಾಬಿನಲ್ಲಿ ಕೆಲಸ ಮಾಡುವವರು ನನ್ನಷ್ಟೇ ವಯಸ್ಸಿನ ಶಾಂತ ಮನುಷ್ಯ. ನನ್ನ ಕೂಗಾಟ ಮುಗಿಯುವ ತನಕ ಕಾದರು.

"ನೀವೇ ಹೇಳಿದ್ದಲ್ವಾ?"

"ನಾನಾ? ಎಂತ ಹೇಳಿದೆ ನಾನು?"

ಅವರು ಮಷಿನ್ನಿನ ಬದಿಗೆ ಅಂಟಿಸಿದ್ದ ಚೀಟಿಗಳನ್ನು ತೋರಿಸಿದರು. ಒಂದೊಂದು ಸ್ಟುಡಿಯೋದ್ದು ಒಂದೊಂದು ಚೀಟಿ, ಪ್ರಿಂಟಿನ ಬೆಳಕು ಎಷ್ಟು ಪಾಯಿಂಟ್ ಏರಿಸಬೇಕು, ಎಷ್ಟು ಇಳಿಸಬೇಕು ಎಂದು. ಬಂಟ್ವಾಳದ್ದು, ವಿಟ್ಲದ್ದು, ಬೆಳ್ತಂಗಡಿಯದ್ದು. ಅವುಗಳ ನಡುವೆ ಹಳದಿಯಾದ ಟೇಪಿನ ಕೆಳಗೆ ನನ್ನದೇ ಅಕ್ಷರ: ಹೆಂಗಸರ ಫೋಟೋ, ಒಂದು ಪಾಯಿಂಟ್ ಬೆಳ್ಳಗೆ.

ಬರೆದದ್ದು ನೆನಪಿರಲಿಲ್ಲ. ಆದರೆ ಅಕ್ಷರ ನನ್ನದೇ, ಅದರಲ್ಲಿ ಸಂಶಯವಿಲ್ಲ. ಯಾವುದೋ ಮದುವೆಯ ಸೀಸನ್ನಿನ ಗಡಿಬಿಡಿಯಲ್ಲಿ ಬರೆದು ಕೊಟ್ಟಿರಬೇಕು. ಆ ಮನುಷ್ಯ ಅಂದಿನಿಂದ ಇಂದಿನವರೆಗೆ ಒಂದು ದಿನವೂ ತಪ್ಪದೆ ನನ್ನ ಮಾತು ನಡೆಸಿಕೊಂಡು ಬಂದಿದ್ದರು. ಪರದೆಯದ್ದೊಂದು, ನನ್ನ ಬೆರಳಿನದ್ದೊಂದು, ಈ ಚೀಟಿಯದ್ದೊಂದು. ಒಂದೇ ಹುಡುಗಿಗೆ ಮೂರು ಕೋಟು ಸುಣ್ಣ, ಮೂರಕ್ಕೂ ಮೇಸ್ತ್ರಿ ನಾನೇ. "ತಪ್ಪಾಯ್ತು," ಎಂದು ಹೇಗೋ ಹೇಳಿದೆ. ಅವರೇ ಚೀಟಿ ಕಿತ್ತು ಕೊಟ್ಟು, ಏನನ್ನೂ ಏರಿಸದೆ ಇಳಿಸದೆ ಪ್ರಿಂಟ್ ತೆಗೆದರು.

ಗುರುವಾರ ಬೆಳಿಗ್ಗೆ ಅವಳು ಕಾಲೇಜಿಗೆ ಹೋಗುವ ಮೊದಲು ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ಕೊಟ್ಟೆ. ಅವಳು ಅದನ್ನು ಬಿಸಿಲಿಗೆ ಹಿಡಿದು ನೋಡಿದಳು. ಬಸ್ಸುಗಳು ಹಿಂದೆ ಮುಂದೆ ಆಗುತ್ತಿದ್ದವು, ಕಂಡಕ್ಟರುಗಳು ಕೂಗುತ್ತಿದ್ದರು. ನಾನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ ನಿಂತಿದ್ದೆ. "ಹಾಂ, ಇದು ನಾನು," ಎಂದಳು. ನಗಲಿಲ್ಲ. ಬ್ಯಾಗಿನಲ್ಲಿ ಪುಸ್ತಕದ ನಡುವೆ ಜೋಪಾನವಾಗಿ ಇಟ್ಟುಕೊಂಡಳು.

ಸಂಜೆ ಅಕ್ಕನ ಫೋನು.

"ನಿನಗೆ ತಲೆ ಸರಿ ಉಂಟಾ? ಅವಳನ್ನು ಇಷ್ಟು ಕಪ್ಪು ಮಾಡಿದ್ದಿಯಲ್ಲ!"

"ನಾನು ಮಾಡಿದ್ದಲ್ಲ ಅಕ್ಕ. ಅವಳು ಇರುವುದೇ ಹಾಗೆ."

"ಇರುವುದು ನನಗೆ ಗೊತ್ತಿಲ್ವಾ? ಹೆತ್ತವಳು ನಾನು. ಅದನ್ನು ಊರಿಗೆಲ್ಲ ಹಂಚಬೇಕಾ? ಅಜ್ಜ ತೆಗೆದುಕೊಂಡು ಹೋಗಿ ಆಯ್ತು. ಇನ್ನು ಯಾರೂ ಬರುವುದಿಲ್ಲ, ನೋಡ್ತಾ ಇರು." ಫೋನಿನಲ್ಲೇ ಅತ್ತಳು. ನನಗೂ ಹೆದರಿಕೆಯಾಯಿತು. ಅವಳು ಹೇಳಿದ್ದೇ ಸರಿಯಾದರೆ? ಹುಡುಗಿಯ ಮಾತು ಕೇಳಿ ನಾನೇ ಅವಳ ದಾರಿ ಮುಚ್ಚಿಬಿಟ್ಟೆನೇ? ಮಾವನೆನಿಸಿಕೊಂಡವನು ಮಾಡುವ ಕೆಲಸವೇ ಇದು? ಶುಕ್ರವಾರವಿಡೀ ಫೋನನ್ನು ಕೈಯಲ್ಲೇ ಹಿಡಿದುಕೊಂಡಿದ್ದೆ. ಸಂಜೆ ಅಜ್ಜ ಕರೆ ಮಾಡಿದ. ಅಳದಂಗಡಿಯವರು ಭಾನುವಾರ ಬರುತ್ತಾರೆ.

ಭಾನುವಾರ ನಾನು ಬೆಳಿಗ್ಗೆ ಎಂಟಕ್ಕೇ ಅಕ್ಕನ ಮನೆ ಸೇರಿದೆ. ಕೂರು ಎಂದರೆ ಕೂರಲಿಲ್ಲ, ಗೇಟಿನ ಹತ್ತಿರ ಹೋಗುವುದು, ಬರುವುದು. ಹತ್ತೂವರೆಗೆ ಕಾರು ಬಂತು. ಹುಡುಗ, ಅವನ ತಾಯಿ, ಒಬ್ಬ ಚಿಕ್ಕಪ್ಪ. ಅವರು ಚಾವಡಿಯಲ್ಲಿ ಕೂತರು. ಅಕ್ಕನ ಮಗಳು ಬನ್ಸಿನ ತಟ್ಟೆ ಹಿಡಿದು ಬಂದಳು. ಆ ತಾಯಿ ಅವಳನ್ನು ಮೇಲಿಂದ ಕೆಳಗೆ ನೋಡಿ, ಚಿಕ್ಕಪ್ಪನ ಕಡೆ ತಿರುಗಿ, "ಫೋಟೋದಲ್ಲಿ ಕಂಡ ಹಾಗೇ ಉಂಟು," ಎಂದರು, ಅಂಗಡಿಯಿಂದ ಹೇಳಿದ ಸಾಮಾನೇ ಬಂದಿದೆ ಎನ್ನುವ ಹಾಗೆ. ಯಾರೂ ಯಾರಿಗೂ ಕಣ್ಣು ಮಾಡಲಿಲ್ಲ. ಮೊದಲ ಸಲ ಅವಳು ತಟ್ಟೆ ಇಟ್ಟು ಒಳಗೆ ಓಡದೆ, ಎದುರಿನ ಕುರ್ಚಿಯಲ್ಲಿ ಕೂತು ತಾನೂ ಒಂದು ಬನ್ಸ್ ಮುರಿದಳು. ಹುಡುಗನನ್ನು ನೆಟ್ಟಗೆ ನೋಡಿದಳು. ಹುಡುಗ ಹೆಚ್ಚು ಹೊತ್ತು ಮೊಬೈಲ್ ನೋಡುತ್ತಿದ್ದ. ಒಮ್ಮೆ ತಲೆಯೆತ್ತಿ, "ಮದುವೆ ಆದ ಮೇಲೆ ಕೆಲಸ ಬಿಡ್ಲಿಕ್ಕುಂಟಲ್ಲ," ಎಂದ. ಕೇಳಿದ್ದಲ್ಲ, ತಿಳಿಸಿದ್ದು.

ಅವರು ಹೋಗಿ ಒಂದು ಗಂಟೆ ಆಗಿರಲಿಲ್ಲ, ಅಜ್ಜನ ಫೋನು. ಅವರಿಗೆ ಒಪ್ಪಿಗೆ. ಅಕ್ಕ ದೇವರ ಕೋಣೆಯ ಕಡೆ ತಿರುಗಿ ಕೈ ಮುಗಿದಳು. ನನಗೂ ಕಣ್ಣು ತುಂಬಿತು, ಸುಳ್ಳು ಹೇಳುವುದಿಲ್ಲ. ಗ್ಲಾಸು ತೊಳೆಯುತ್ತಿದ್ದ ಅಕ್ಕನ ಮಗಳು ಒದ್ದೆ ಕೈಯಲ್ಲೇ ಹೊರಗೆ ಬಂದಳು.

"ನನಗೆ ಬೇಡ ಮಾಮ."

"ಎಂತ ಬೇಡ?" ಎಂದು ಅಕ್ಕ ಕಿರುಚಿದಳು.

"ಆ ಹುಡುಗ ಬೇಡ. ನನ್ನ ಕೆಲಸ ಬಿಡಿಸ್ಲಿಕ್ಕೆ ಅವನು ಯಾರು?"

"ಮೂರು ಜನ ಬೇಡ ಅಂದು ಹೋದದ್ದು ನಿನ್ನನ್ನು! ಈಗ ಒಬ್ಬರು ಹೌದು ಅಂದರೆ ನಿನಗೆ ಕೊಬ್ಬಾ?" ಅಕ್ಕ ನನ್ನ ಕಡೆ ತಿರುಗಿದಳು. "ನೀನು ಹೇಳು ಇವಳಿಗೆ. ಮಾವ ಅಲ್ವಾ ನೀನು?"

ಹೇಳಲೆಂದೇ ನಾನು ಬಾಯಿ ತೆರೆದೆ. ಸ್ವಲ್ಪ ಯೋಚನೆ ಮಾಡು, ಇಂಥದ್ದು ದಿನಾ ಬರುವುದಿಲ್ಲ, ಮೊಬೈಲ್ ನೋಡುವುದು ಈಗ ಎಲ್ಲರಿಗೂ ಅಭ್ಯಾಸ, ಎಲ್ಲ ತುದಿನಾಲಿಗೆಯಲ್ಲೇ ಇತ್ತು. ಅವಳು ನನ್ನನ್ನೇ ನೋಡುತ್ತಿದ್ದಳು.

"ಮೂರು ಸಲವೂ ನನ್ನ ಬಣ್ಣ ಕಂಡಲ್ಲಿಗೇ ಮುಗಿಯಿತು ಮಾಮ," ಎಂದಳು. "ಹುಡುಗ ಹೇಗಿದ್ದಾನೆ ಅಂತ ನೋಡುವಷ್ಟು ಹೊತ್ತು ನನಗೆ ಸಿಕ್ಕಿರಲೇ ಇಲ್ಲ. ಇವತ್ತು ಸಿಕ್ಕಿತು. ನೋಡಿದೆ."

ನಾನು ಅಂಗಳಕ್ಕೆ ಇಳಿದು ಎರಡು ಸುತ್ತು ಹಾಕಿದೆ. ಆಮೇಲೆ ಮೆಟ್ಟಿಲ ಮೇಲೆ ಕೂತು ಅಜ್ಜನಿಗೆ ಫೋನ್ ಮಾಡಿದೆ.

"ಹಾಂ, ಹೇಳಿ. ಮಾತುಕತೆಗೆ ಯಾವಾಗ ಕೂರುವ?" ಅಜ್ಜ ಖುಷಿಯಲ್ಲಿದ್ದ.

"ಕೂರ್ಲಿಕ್ಕಿಲ್ಲ. ಒಪ್ಪಿಗೆ ಆಗಲಿಲ್ಲ."

"ಅವರು ಒಪ್ಪಿದ್ದಾರೆ ಅಂತ ಹೇಳಿದ್ದಲ್ವಾ ನಾನು? ಮತ್ತೆ ಯಾರಿಗೆ ಆಗ್ಲಿಲ್ಲ? ನಿಮಗಾ?"

"ಹುಡುಗಿಗೆ."

ಇಷ್ಟು ವರ್ಷ ಸಂಬಂಧ ಹೊಂದಿಸಿದವನು ಇಂಥ ಉತ್ತರ ಕೇಳಿದ್ದೇ ಇಲ್ಲವೇನೋ ಎಂಬಂತೆ, "ಯಾರಿಗೆ ಅಂದ್ರಿ?" ಎಂದು ಮತ್ತೆ ಕೇಳಿದ.

"ಹುಡುಗಿಗೆ," ಎಂದೆ, ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದ ಅಕ್ಕನಿಗೂ ಕೇಳಿಸುವಷ್ಟು ಗಟ್ಟಿಯಾಗಿ.